ನಾಯಿಗಳಿಗೆ ಮೀನು ಹಾಕುವ ಹೊತ್ತು

ಹನ್ನೊಂದೂವರೆ. ಸೂರ್ಯ ಇನ್ನೂ
ಕೊಲ್ಲಿಯ ಅಂಚಿನಲ್ಲೇ ಕೂತಿದ್ದಾನೆ,
ಊಟ ಮುಗಿದರೂ ಏಳದ ನೆಂಟನ ಹಾಗೆ.
ಇಲುಲಿಸ್ಸಾಟಿನ ಜೂನಿನಲ್ಲಿ ರಾತ್ರಿ ಎಂಬುದು
ಗಡಿಯಾರ ಹೇಳುವ ಸುದ್ದಿ ಅಷ್ಟೆ;
ಕತ್ತಲನ್ನು ಅವರವರೇ ಮಾಡಿಕೊಳ್ಳಬೇಕು.
ಕಿಟಕಿಗೆ ಬೆಳ್ಳಿ ಹಾಳೆ, ಅದರ ಮೇಲೆ ಹಳೇ ಕಂಬಳಿ,
ಕಂಬಳಿಗೆ ಏಳು ಮೊಳೆ. ಆದರೂ ಎಲ್ಲಿಂದಲೋ ನುಸುಳಿ
ದಿಂಬಿನ ಮೇಲೆ ಬೀಳುತ್ತದೆ
ಕಾಸಿನಗಲದ ಬೆಳಕು.

ಮಲಗಿದ ಕೂಡಲೇ ಶುರು.
ಊರಾಚೆ ಬಂಡೆಗಳ ಮೇಲೆ ಬೇಸಗೆಯಿಡೀ
ಸರಪಳಿಯಲ್ಲಿ ಕೂತ ಜಾರುಬಂಡಿಯ ನಾಯಿಗಳು.
ಒಂದು ಊಳಿಟ್ಟರೆ ಸಾಕು, ಇನ್ನೊಂದು, ಮತ್ತೊಂದು,
ಗುಡ್ಡಕ್ಕೆ ಗುಡ್ಡವೇ ಬಾಯಿ ತೆರೆಯುತ್ತದೆ.
ತಲೆಯೊಳಗೂ ಹಾಗೇ.
ಮೊದಲು ಸೀಗಡಿ ಕಾರ್ಖಾನೆಯ ಮೇಸ್ತ್ರಿಯ ಮಾತು,
ಮಾತಿನ ಬೆನ್ನಿಗೆ ಸೀಮೆಎಣ್ಣೆಯ ಬಾಕಿ,
ಬಾಕಿಯ ಬೆನ್ನಿಗೆ ಮಗ ಮಲಿಕನ ದೋಣಿಯ ಕೆಮ್ಮುವ ಎಂಜಿನ್ನು,
ಎಂಜಿನ್ನಿನ ಬೆನ್ನಿಗೆ, ಬೇಡ ಬೇಡವೆಂದರೂ, ಅಕ್ಕ.

ನನ್ನ ಆನಾ, ಅಂದರೆ ಅಜ್ಜಿ,
ನಲವತ್ತು ವರ್ಷ ನಾಯಿ ಸಾಕಿದವಳು, ಹೇಳುತ್ತಿದ್ದಳು:
"ಸುಮ್ಮನಿರು ಅಂದರೆ ಯಾವ ನಾಯಿ ಸುಮ್ಮನಿದ್ದೀತು, ಬಿಬಿಯಾನೆ?
ಕಲ್ಲೆಸೆದರೆ ಇನ್ನೂ ಜೋರು.
ಹಸಿದದ್ದಕ್ಕೆ ಹಾಕು. ಒಂದೊಂದರ ಮುಂದೆ ನಿಂತು
ಹೆಸರು ಹಿಡಿದು ಕರೆದು ಹಾಕು.
ರಾಶಿ ಸುರಿದರೆ ಕಚ್ಚಾಡುತ್ತವೆ."
ಅವಳು ನಾಯಿಗಳ ವಿಷಯವೇ ಹೇಳಿದ್ದು.
ಮಿಕ್ಕದ್ದನ್ನು ನಾನು ಹಾಸಿಗೆಯಲ್ಲಿ ಕಲಿತೆ.

ಹಾಗಾಗಿ ದಿನವೂ ಈ ಹೊತ್ತಿಗೆ
ಬಕೆಟ್ಟು ಹಿಡಿದು ಹೊರಡುತ್ತೇನೆ, ಕಣ್ಣು ಮುಚ್ಚಿಕೊಂಡೇ.
ಉಪಕಾರವಾಯಿತು ಅನ್ನಲು ನಮ್ಮಲ್ಲೊಂದು ಮಾತಿದೆ, ಕುಯನಾಕ್.
ಎಲ್ಲಕ್ಕೂ ಸೇರಿಸಿ ಒಂದೇ ಸಲ ಅಂದುಬಿಟ್ಟರೆ
ಯಾರ ಬಾಯಿಗೂ ಬೀಳದೆ ಗಾಳಿಗೆ ಹೋಗುತ್ತದೆ.
ಎಣಿಸಿ ಹಾಕಬೇಕು, ತುಂಡು ತುಂಡಾಗಿ.

ಕೈಗವಸು ಹರಿದಾಗ ಮಾತಿಲ್ಲದೆ
ತನ್ನದನ್ನು ಚಾಚಿದ ಹೊಸ ಹುಡುಗಿಗೆ
(ಹೆಸರೂ ಕೇಳಲಿಲ್ಲ ನಾನು, ನಾಳೆ ಕೇಳಬೇಕು) ಕುಯನಾಕ್.
ಮೂರನೇ ಕಡ್ಡಿಗೆ ಹತ್ತಿಕೊಂಡ ಒಲೆಗೆ.
ಕೆಳದವಡೆಯ ಹಲ್ಲೇ, ಸಂಜೆಯಿಂದ ನೀನು
ನನ್ನನ್ನು ಮರೆತಿದ್ದೀಯ, ನಿನಗೂ.
ಮಧ್ಯಾಹ್ನ ಹಿಮದ ಬೆಟ್ಟವೊಂದು ಗುಡುಗಿ ಹೊರಳಿದಾಗ
ಅಲೆ ಮಲಿಕನ ದೋಣಿಯನ್ನು ಎತ್ತಿ, ತೂಗಿ,
ಇದ್ದಲ್ಲಿಗೇ ಇಳಿಸಿತಂತೆ.
ಸೂಪು ಕುಡಿಯುತ್ತಾ ನಗುನಗುತ್ತಾ ಹೇಳಿದ.
ನಾನು ನಗಲಿಲ್ಲ. ಅವನ ಹೆಸರಿಗೂ ಅರ್ಥ ಅಲೆಯೇ.
ಬಕೆಟ್ಟಿನ ದೊಡ್ಡ ತುಂಡು ಅಲೆಗೆ.
ಮೇಸ್ತ್ರಿಗೆ... ಇರಲಿ, ಬಾಲದ ಕಡೆಯದು:
ಬೈದ, ಆದರೆ ಸಂಬಳ ಮುರಿಯಲಿಲ್ಲ.

ಹೆಗಲು ಇಳಿಯುತ್ತದೆ. ಕಚ್ಚಿಕೊಂಡ ದವಡೆ ಬಿಡುತ್ತದೆ.
ಸರಪಳಿಯ ಸದ್ದು ಒಂದೊಂದಾಗಿ ತಗ್ಗುತ್ತದೆ.
ತಿಂದ ನಾಯಿ ಮೂರು ಸುತ್ತು ಸುತ್ತಿ
ಮೂಗನ್ನು ಬಾಲದಡಿ ಹುದುಗಿಸಿ ಮಲಗುವುದನ್ನು
ನೋಡಿದವರಿಗೆ ಗೊತ್ತು,
ನಿದ್ದೆಗೂ ಒಂದು ಆಕಾರ ಇದೆ.

ಎಲ್ಲ ದಿನವೂ ಹೀಗಾಗುವುದಿಲ್ಲ.
ಕೆಲವು ಸಲ ಅರ್ಧ ದಾರಿಯಲ್ಲೇ ಬಕೆಟ್ಟು ಮಗುಚುತ್ತದೆ,
ಎದ್ದು ಕಾಫಿ ಕಾಯಿಸುತ್ತೇನೆ, ಆ ಮಾತು ಬೇರೆ.

ಬಂಡೆಯ ತುದಿಯಲ್ಲಿ ಕೊನೆಗೆ ಒಂದು ಉಳಿಯುತ್ತದೆ.
ಅಮ್ಮನ ಅರ್ಧಚಂದ್ರದ ಕತ್ತಿಯನ್ನು ಅಕ್ಕ ಆವಿಯಾಯಾ
ಹೇಳದೆ ಕೇಳದೆ ನೂಕ್ ಪಟ್ಟಣಕ್ಕೆ ಒಯ್ದು ಎರಡು ವರ್ಷ.
ಫೋನೂ ಇಲ್ಲ.
ಈ ನಾಯಿ ಊಳಿಡುವುದಿಲ್ಲ,
ಸುಮ್ಮನೆ ನೋಡುತ್ತದೆ. ಅದೇ ಕಷ್ಟ.
ಎಷ್ಟು ದಿನ ಅದರ ಮುಂದೆ ಬರಿಗೈಯಲ್ಲಿ ನಿಂತು ಬಂದಿದ್ದೇನೆ.

ಇವತ್ತು ತಳ ಕೆರೆದೆ. ಸಿಕ್ಕಿತು ಒಂದು.
ನನಗೆ ಆರು, ಅವಳಿಗೆ ಹತ್ತು.
ಇಂಥದೇ ಬೆಳಕು, ನಿದ್ದೆ ಬಾರದೆ ನಾನು ಅಳುತ್ತಿದ್ದೆ.
ತನ್ನ ಎರಡೂ ಅಂಗೈ ನನ್ನ ಕಣ್ಣ ಮೇಲಿಟ್ಟು
"ತಗೋ, ಚಳಿಗಾಲ" ಅಂದಿದ್ದಳು.
ಸೀಲಿನ ಕೊಬ್ಬಿನ ವಾಸನೆಯ ಬೆಚ್ಚನೆ ಕತ್ತಲು.
ತೋಳು ಸೋತರೂ ತೆಗೆಯಲಿಲ್ಲ,
ನನ್ನ ಉಸಿರು ನಿಧಾನವಾಗುವವರೆಗೂ.

ಎಸೆದೆ. ತಿನ್ನಲಿಲ್ಲ.
ಮೂಸಿತು.

ಕಾಸಿನಗಲದ ಬೆಳಕು ದಿಂಬಿನಿಂದ ಕೆನ್ನೆಗೆ,
ಕೆನ್ನೆಯಿಂದ ರೆಪ್ಪೆಗೆ ಸರಿದಿದೆ.
ಎದ್ದು ಎಂಟನೇ ಮೊಳೆ ಹೊಡೆಯೋಣವೆಂದರೆ
ಸುತ್ತಿಗೆ ದೂರ.
ಅಂಗೈ ಹತ್ತಿರ.